ಸಲಹಾ ಸಮಿತಿಯ ಮುಂದೆ ಸಣ್ಣಮ್ಮ

ಮೂರು ತಲೆಮಾರಿನಿಂದ ಕಾಡಿನ ಬೆಂಕಿ ಕಾವಲಿಗಿದ್ದ ಮನೆತನ ಸಣ್ಣಮ್ಮನದು. ಅವರ ಮೇಲೆ ಒಂದೂ ಕೆಟ್ಟ ಮಾತಿರಲಿಲ್ಲ. ಈ ಬೇಸಿಗೆ ಕಾಳ್ಗಿಚ್ಚು ಆರಿಸಲು ಹೋದ ಅವಳ ಗಂಡ ಜವರ ಸುಟ್ಟು ಸತ್ತ. ಅರಣ್ಯ ಸಂರಕ್ಷಣೆಯ ಸಲಹಾ ಸಮಿತಿ ಸೇರಿತು. ಅಧ್ಯಕ್ಷರು, "ಬೆಂಕಿ ಹಚ್ಚಿದವನೂ ಅವನೇ, ವರದಿಯಲ್ಲಿ ಬರೆಯಿರಿ" ಎಂದರು.

ಹಿಂದಿನ ಸಾಲಿನಿಂದ ಸಣ್ಣಮ್ಮ ಎದ್ದಳು. "ಬೆಂಕಿ ಹಬ್ಬದ ಹಾಗೆ ಕಾಡಿನ ಗಡಿಯ ಒಣಹುಲ್ಲು ಸವರ್ತೀವಿ ಅಂದ್ರೆ, ಬೇಡ ಅಂದವರು ನೀವಲ್ವಾ ಸ್ವಾಮಿ?"

"ನಮ್ಮದು ಬರೀ ಸಲಹೆ ಕಣಮ್ಮ. ಒಪ್ಪೋದು ಬಿಡೋದು ಇಲಾಖೆಗೆ ಸೇರಿದ್ದು."

"ಹಾಗಾದ್ರೆ ನನ್ನ ಗಂಡ ಹಚ್ಚಿದ ಅನ್ನೋದೂ ಸಲಹೆ ತಾನೆ?" ಅವಳು ವರದಿ ಬರೆಯುತ್ತಿದ್ದ ಇಲಾಖೆಯ ಅರಣ್ಯಾಧಿಕಾರಿಯ ಕಡೆ ತಿರುಗಿದಳು. "ಸಾಹೇಬ್ರೇ, ಇದನ್ನು ಒಪ್ಪಲೇಬೇಕಾ?"

"ಬೇಕಿಲ್ಲಮ್ಮ" ಎಂದು ಅಧಿಕಾರಿ ಪೆನ್ನು ಮುಚ್ಚಿದರು.

ಅಧ್ಯಕ್ಷರ ಮುಖ ಕಪ್ಪಿಟ್ಟಿತು. "ಇನ್ನೇನು ಬೇಕು ನಿನಗೆ?"

"ಸತ್ತವನ ಹೆಸರು ಹೇಳಿ ಕ್ಷಮೆ ಕೇಳಿ."