ಕೆಂಚಿ ಕಲಿಸಿದ ಈಜು

ಒಂದು ಕಾಡಿನಲ್ಲಿ, ಹೊಳೆ ತಿರುಗುವ ಕಡೆ, ಆಳವಾದ ಮಡುವಿತ್ತು. ಅಲ್ಲಿ ಕೆಂಚಿ ಎಂಬ ನೀರುನಾಯಿ ಇದ್ದಳು. ಕುಂಟುಗಾಲಿನವಳು, ತಾಯಿಯಿಲ್ಲದೆ ಬೆಳೆದವಳು. "ಈ ಕುಂಟಿ ಈಜಿದರೆ ನಾನು ಹಾಡ್ತೀನಿ" ಎಂದು ಆಗ ನಕ್ಕವನು ಮಡುವಿನ ಕೊಕ್ಕರೆ. ಕೆಂಚಿ ಯಾರನ್ನೂ ಕೇಳದೆ ಈಜು ಕಲಿತಳು. ಕೊಕ್ಕರೆ ಹಾಡಲಿಲ್ಲ.

ಒಂದು ವರ್ಷ ಮಡುವಿನ ಮೀನು ಎಲ್ಲರಿಗೂ ಸಾಲಲಿಲ್ಲ. ಉಳಿದ ನೀರುನಾಯಿಗಳು ಮರಿಗಳನ್ನು ಕೆಂಚಿಗೆ ಒಪ್ಪಿಸಿ, ಕೆಳಗಿನ ದೊಡ್ಡ ಹೊಳೆಗೆ ಹೊರಟವು. "ಈಜು ಬಂದ ಮೇಲೆ ಕಳಿಸಿಕೊಡಕ್ಕಾ" ಎಂದವು.

ಮರಿಗಳು ಬಂಡೆಯ ಮೇಲೆ ಕೂತು ತಿರುವನ್ನೇ ನೋಡುತ್ತಿದ್ದವು. ಜೊಂಡು ಅಲುಗಿದರೆ "ಅವ್ವ ಬಂದ್ಳು!" ಎಂದು ಏಳುತ್ತಿದ್ದವು. ಗಾಳಿ ಎಂದು ತಿಳಿದು ಮತ್ತೆ ಕೂರುತ್ತಿದ್ದವು.

ಇವು ಈಜು ಕಲಿತರೆ ತನ್ನ ಮೀನಿಗೆ ಪಾಲುಗಾರರು ಹೆಚ್ಚುತ್ತಾರೆಂದು ಕೊಕ್ಕರೆ ಹೆದರಿದ. ದಿನವೂ ಸತ್ತ ಪುಡಿಮೀನು ತಂದು ಹಾಕಿದ.

"ತಿನ್ನಿ ಕಂದಗಳಿರಾ. ನೀರಿಗೇಕೆ ಇಳಿಯೋದು? ಅವ್ವ ತಾನೇ ಬರ್ತಾಳೆ."

ಕೆಂಚಿ ಜೀವಂತ ಮೀನಿಗೆ ಸಣ್ಣ ಪೆಟ್ಟು ಕೊಟ್ಟು ನೀರಿಗೆ ಬಿಟ್ಟಳು. "ಹಿಡಿಯಿರಿ."

"ಕೊಕ್ಕರೆ ಮಾವ ಬಾಯಿಗೇ ಕೊಡ್ತಾನೆ" ಎಂದಿತು ಒಂದು ಮರಿ.

"ಅವ್ವನ ಹತ್ರಾನೂ ಕರ್ಕೊಂಡು ಹೋಗ್ತಾನಾ?"

ಮರಿ ತಿರುವಿನತ್ತ ನೋಡಿತು. ಕೆಂಚಿ ಅದರ ಕತ್ತು ಕಚ್ಚಿ ನೀರಿಗೆಳೆದಳು. ಅದು ಮುಳುಗಿತು. ಮೇಲೆತ್ತಿದಳು.

"ಅತ್ತೆ, ನೀನು ಕೆಟ್ಟವಳು!"

"ಹೂಂ, ಕೆಟ್ಟವಳೇ. ಇನ್ನೊಂದ್ಸಲ ಇಳಿ. ಪಕ್ಕದಲ್ಲೇ ಇರ್ತೀನಿ."

ಅತ್ತರೂ ಬಿಡಲಿಲ್ಲ, ಬೈದರೂ ಬಿಡಲಿಲ್ಲ. ಮುಂಗಾರಿನ ಹೊತ್ತಿಗೆ ಮರಿಗಳು ಮಡುವಿನ ತಳ ಮುಟ್ಟಿ ಬಂದವು. ಹೆದರಿದ ಮೀನುಗಳು ದಡದತ್ತ ಓಡಿದವು. ಕೊಕ್ಕರೆ ನಿಂತಲ್ಲೇ ಹೊಟ್ಟೆ ಬಿರಿಯುವಂತೆ ತಿಂದ. ಆದರೂ ಹೊಟ್ಟೆಕಿಚ್ಚು ತಣಿಯಲಿಲ್ಲ. "ಅವ್ವ ಕಾಯ್ತಿರ್ತಾಳೆ, ಇವತ್ತೇ ಹೊರಡಿ" ಎಂದು ಅವಸರಪಡಿಸಿದ.

ಮರಿಗಳು ಹೊರಟವು. ತಿರುವಿನಲ್ಲಿ ಒಂದು ಮಾತ್ರ ಹಿಂತಿರುಗಿ ನೋಡಿತು. ಕೆಂಚಿ "ಹೋಗು" ಎಂದಳು.

ಆಮೇಲೆ ಅಟ್ಟುವ ಮರಿಗಳಿಲ್ಲದೆ ಮೀನುಗಳು ಆಳ ಬಿಟ್ಟು ಬರಲೇ ಇಲ್ಲ. ಕೊಕ್ಕರೆ ಒಂಟಿಗಾಲಿನಲ್ಲಿ ನಿಂತು ಸೊರಗಿದ.

"ಕೆಂಚಕ್ಕಾ, ಈ ಕಡೆ ಒಂದ್ಸಲ ಮುಳುಗಿ ಮೀನು ಎಬ್ಬಿಸೇ."

"ನೀರಿಗೇಕೆ ಇಳಿಯೋದು ಕೊಕ್ಕರೆಯಣ್ಣ? ಮೀನು ತಾನೇ ಬರ್ತದೆ."

ಕೊಕ್ಕರೆ ಹಸಿದುಕೊಂಡು ಕಾಡು ಬಿಟ್ಟ.

ಈಗ ಆ ಮಡು ಪೂರ್ತಿ ಕೆಂಚಿಯದು. ದಡದಲ್ಲಿ ಅವಳೇ ತೋಡಿದ ಬಿಲವಿದೆ, ಪ್ರವಾಹಕ್ಕೂ ಕುಸಿಯದ್ದು. ಮರಿಗಳೆಲ್ಲ ಒತ್ತಾಗಿ ಮಲಗುವಷ್ಟು ದೊಡ್ಡದು. ಅದರಲ್ಲಿ ಅವಳೊಬ್ಬಳೇ ಮಲಗುತ್ತಾಳೆ.

ನೀತಿ: ಮಕ್ಕಳನ್ನು ಕಷ್ಟವೇ ಮುಟ್ಟದಂತೆ ಕೂರಿಸುವವರು ಹಿತವರಲ್ಲ; ಕಷ್ಟದಲ್ಲಿ ಪಕ್ಕದಲ್ಲಿದ್ದು, ಬಲ ಬಂದಾಗ ಹೋಗಲು ಬಿಡುವವರೇ ಹಿತವರು.