ಉಗ್ರಾಣದ ಇಂಗು

"ಯಾರ ಮಾತು ಕೇಳಬೇಕು, ಗುರುಗಳೇ?" ಎಂದು ಶಿಷ್ಯ ಕೇಳಿದ. "ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ತನಗೆ ಬೇಕಾದ ಸಿದ್ಧ ಪ್ರೋಗ್ರಾಮುಗಳ ಕಟ್ಟುಗಳನ್ನು, ಅಂದರೆ ಪ್ಯಾಕೇಜುಗಳನ್ನು, ತಾನೇ ತಂದು ಜೋಡಿಸಿಕೊಳ್ಳುತ್ತದೆ. ನಾನು ಪ್ರೋಗ್ರಾಮ್ ಬರೆಯುವ ಪೈಥಾನ್ ಭಾಷೆಗೂ ತನ್ನ ಪ್ಯಾಕೇಜುಗಳನ್ನು ತರಲು ಬೇರೆ ದಾರಿಯಿದೆ. ನಾನು ಪೈಥಾನಿನ ದಾರಿಯಲ್ಲಿ ಹೊಸದೊಂದನ್ನು ತಂದು ಸಿಸ್ಟಮ್ಮಿನ ಹಳೆಯದರ ಜಾಗದಲ್ಲಿ ಹಾಕಿದೆ. ನನ್ನ ಪ್ರೋಗ್ರಾಮ್ ಚೆನ್ನಾಗಿ ನಡೆಯಿತು. ಸಿಸ್ಟಮ್ಮಿನ ಅರ್ಧ ಕೆಲಸ ಕೆಟ್ಟು ಕೂತಿದೆ."

ಗುರುಗಳು ನಕ್ಕರು. "ಕೂತುಕೋ ಮಾರಾಯ. ನಿನಗಿಂತ ಮುಂಚೆ ಒಬ್ಬ ಅಡಿಗೆಯವನು ಇದೇ ಘನಕಾರ್ಯ ಮಾಡಿದ್ದಾನೆ, ಕೇಳು" ಎಂದು ಶುರುಮಾಡಿದರು.

ಒಂದು ಮನೆಯಲ್ಲಿ ಮದುವೆ ಮುಗಿದಿತ್ತು. ಮಧ್ಯಾಹ್ನ ಬೀಗರ ಊಟ. ಆ ಮನೆಯ ಉಗ್ರಾಣ ನೋಡಿಕೊಳ್ಳುತ್ತಿದ್ದವನು ಮದುಮಗಳ ಸೋದರಮಾವ. ಸಾರಿಗಾಗಲಿ, ಮಜ್ಜಿಗೆಗಾಗಲಿ, ಉಪ್ಪಿನಕಾಯಿಗಾಗಲಿ ಅವನ ಒಂದೇ ಡಬ್ಬಿಯ ಇಂಗು. ಹೊರಗಿನಿಂದ ಬಂದ ಅಡಿಗೆಯವನು ಅದನ್ನು ಮೂಸಿ ನೋಡಿ, ಘಾಟೇ ಇಲ್ಲವೆಂದು ಮೂಗು ಮುರಿದ. ಹಳೆಯದನ್ನು ಕಾಗದಕ್ಕೆ ಸುರಿದು ಮೂಲೆಗಿಟ್ಟು, ತಾನು ತಂದ ಖಡಕ್ ಇಂಗನ್ನು ಡಬ್ಬಿಗೆ ತುಂಬಿದ. ಯಾರಿಗೂ ಹೇಳಲಿಲ್ಲ. ಹೇಳುವುದೇನಿದೆ, ಒಳ್ಳೆಯದನ್ನೇ ಮಾಡಿದ್ದೇನಲ್ಲ ಎಂದುಕೊಂಡ.

ಮನೆಯ ಹೆಂಗಸರು ದಿನದ ಅಭ್ಯಾಸದಂತೆ ಮಜ್ಜಿಗೆಗೆ ಒಂದು ಚಮಚ ಇಂಗು ಹಾಕಿದರು. ಅದನ್ನು ಕುಡಿದ ಮದುಮಗಳ ದೊಡ್ಡಪ್ಪನಿಗೆ ಕಣ್ಣಲ್ಲಿ ನೀರು ಬಂತು, ಬಿಕ್ಕಳಿಕೆ ನಿಲ್ಲಲಿಲ್ಲ. ಡಬ್ಬಿ ತೆಗೆದು ನೋಡಿದ ಉಗ್ರಾಣದವನಿಗೆ ರೇಗಿಹೋಯಿತು. ಹೊಸ ಇಂಗನ್ನು ಪೊಟ್ಟಣ ಕಟ್ಟಿ ಅಟ್ಟಕ್ಕೆ ಎಸೆದ. ಹಳೆಯದನ್ನೇ ಮತ್ತೆ ತುಂಬಿದ. ಅವನೂ ಯಾರಿಗೂ ಹೇಳಲಿಲ್ಲ, ಮಹಾಶಯ.

ಅಡಿಗೆಯವನು ತನ್ನ ಲೆಕ್ಕದಂತೆ ಸಾರಿಗೆ ಚಿಟಿಕೆ ಇಂಗು ಹಾಕಿದ. ಸಾರು ಬಿಸಿನೀರಾಯಿತು. ಇಬ್ಬರೂ ಜಗಳಕ್ಕೆ ನಿಂತರು. ಬೀಗರು ಬರುವ ಹೊತ್ತು. ಹೆಣ್ಣಿನ ತಂದೆ ತಲೆ ಮೇಲೆ ಕೈ ಹೊತ್ತು ಕೂತ. ಅವರ ಮುಂದೆ ಮರ್ಯಾದೆ ಹೋದರೆ ಮಗಳು ಆ ಮನೆಯಲ್ಲಿ ಹೇಗೆ ತಲೆಯೆತ್ತಿ ಓಡಾಡಬೇಕು ಎಂದು ಅವನಿಗೆ ಸಂಕಟ.

ಗಲಾಟೆ ಕೇಳಿ ಮದುಮಗಳೇ ಒಳಗೆ ಬಂದಳು.

"ಭಟ್ಟರೇ, ನಿಮ್ಮ ಇಂಗು ನಿಮ್ಮದೇ ಡಬ್ಬಿಯಲ್ಲಿ ನಿಮ್ಮ ಒಲೆಯ ಪಕ್ಕ ಇರಲಿ. ಉಗ್ರಾಣದ ಡಬ್ಬಿ ಮುಟ್ಟಬೇಡಿ. ಮಾವ, ನೀವೂ ಅವರ ಡಬ್ಬಿಗೆ ಕೈ ಹಾಕಬೇಡಿ. ಏನು ತಂದಿದ್ದಾರೆ ಅಂತ ಕೇಳಿ ತಿಳಿದುಕೊಂಡಿದ್ದರೆ ಸಾಕು. ಹೋಗುವಾಗ ಅವರದು ಅವರು ತೆಗೆದುಕೊಂಡು ಹೋಗುತ್ತಾರೆ."

ಇಬ್ಬರೂ ಗೊಣಗಿದರು, ಆದರೆ ಒಪ್ಪಿದರು. ಪೊಟ್ಟಣ ಅಟ್ಟದಿಂದ ಇಳಿಯಿತು. ಅಡಿಗೆಯವನು ಸಾರಿಗೆ ತನ್ನ ಇಂಗಿನ ಒಗ್ಗರಣೆ ಹಾಕಿದ. ಹೆಂಗಸರು ಉಗ್ರಾಣದ ಇಂಗಿನಲ್ಲಿ ಬೇರೆ ಮಜ್ಜಿಗೆ ಮಾಡಿದರು. ಅಷ್ಟರಲ್ಲಿ ಬೀಗರು ಬಂದು ಎಲೆಯ ಮುಂದೆ ಕೂತರು.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಹಾಗಾದರೆ ಕೊನೆಗೆ ಗೆದ್ದದ್ದು ಯಾರ ಡಬ್ಬಿ, ಗುರುಗಳೇ?"

ಗುರುಗಳು ಹೇಳಿದರು: "ಬೀಗರು ಇನ್ನೊಂದು ಸೌಟು ಸಾರು ಕೇಳಿದರಪ್ಪ, ಡಬ್ಬಿ ಯಾರದೆಂದು ಕೇಳಲಿಲ್ಲ."