ಪ್ರಸಾದವಾದ ಮೆಂತ್ಯದ ಪಲ್ಯ

ಶ್ರಾವಣ ಸೋಮವಾರ. ಹಿರೇಬಿದರಿಯ ಮಠದಲ್ಲಿ ಪುರಾಣದ ಪ್ರಸಾದಕ್ಕೆಂದು ಗೋದಿ-ಬೆಲ್ಲದ ಹುಗ್ಗಿಯ ಕೊಪ್ಪರಿಗೆಯನ್ನು ಆಗಷ್ಟೇ ಒಲೆಯ ಮೇಲೆ ಇಟ್ಟಿದ್ದಾರೆ. ಅಷ್ಟರಲ್ಲಿ ಒಬ್ಬ ಹೆಣ್ಣುಮಗಳು ದಡದಡ ಒಳಗೆ ಬಂದು, ಮಠದ ಸ್ವಾಮಿಗಳಾದ ಪೂಜ್ಯ ಮರುಳಶಾಂತ ಅಜ್ಜನವರ ಮುಂದೆ ಬುತ್ತಿಯ ಗಂಟು ಕುಕ್ಕಿ, "ನನ್ನ ಗಂಡನ ಕಾಲಬೆರಳು ನುಂಗಾಕತ್ತಿದ್ದು ನಿಮ್ಮ ಮಠಾನ ರೀ ಅಜ್ಜಾರ!" ಎಂದಳು. ಅಜ್ಜನವರು ಏನು ಮಾಡಿರಬಹುದು, ಹೇಳಿ ನೋಡೋಣ? ವಿಭೂತಿ ಕೊಟ್ಟರು ಅನ್ನುತ್ತೀರಾ? ಇಲ್ಲ. ಸಿಟ್ಟಾದರೇ? ಅದೂ ಇಲ್ಲ. ಇದನ್ನು ಮೊದಲಿನಿಂದಲೇ ಹೇಳಬೇಕು, ಆಗಲೇ ಅದರ ರುಚಿ.

ಆ ಹೆಣ್ಣುಮಗಳು ಬಾಳವ್ವ, ಸಿಂಪಿಗೇರ ರಾಚಪ್ಪನ ಹೆಂಡತಿ. ಹೊಲಿಗೆ ಯಂತ್ರ ತುಳಿದೇ ಬದುಕುವ ರಾಚಪ್ಪನ ಬಲಗಾಲಿನ ಹೆಬ್ಬೆರಳಿಗೆ ಹುಣ್ಣಾಗಿತ್ತು. ಸಕ್ಕರೆ ಕಾಯಿಲೆ, ಹುಣ್ಣು ಮಾಯಲೊಲ್ಲದು. ಡಾಕ್ಟರು ಗುಳಿಗೆ ಬರೆದು, "ಒಂದು ತಿಂಗಳು ಕಟ್ಟುನಿಟ್ಟು ಪಥ್ಯ. ಸಕ್ಕರೆ ಇಳಿಯಲಿಲ್ಲವೋ, ಬೆರಳು ತೆಗೆಯಬೇಕಾಗುತ್ತದೆ" ಎಂದುಬಿಟ್ಟಿದ್ದರು.

ಬಾಳವ್ವ ಸೆರಗು ಬಿಗಿದಳು. ಮನೆಯಿಂದ ಬೆಲ್ಲದ ಡಬ್ಬಿಯೇ ಮಾಯ. ಎಣ್ಣೆಗೆ ಚಮಚದ ಲೆಕ್ಕ. ದಿನಾ ಜೋಳದ ರೊಟ್ಟಿ, ಮೆಂತ್ಯದ ಪಲ್ಯ, ಮೊಳಕೆಕಾಳು, ನೀರುಮಜ್ಜಿಗೆ. ರಾಚಪ್ಪ ತಟ್ಟೆಯ ಮುಂದೆ ಕೂತು, "ಇದನ್ನ ನಮ್ಮ ಎಮ್ಮಿಗೆ ಹಾಕು, ಹಾಲಾದ್ರೂ ಹೆಚ್ಚು ಕೊಡ್ತದ" ಅನ್ನುವನು, ಅರ್ಧ ಬಿಟ್ಟು ಏಳುವನು. ಹದಿಮೂರು ದಿನ ಅವಳು ಹಲ್ಲು ಕಚ್ಚಿ ಬೇಯಿಸಿದಳು. ಹುಣ್ಣು ಕಡಿಮೆಯಾಗುವ ಬದಲು ಇನ್ನಷ್ಟು ಕೆಂಪಾಯಿತು. ಡಾಕ್ಟರು ಅವಳನ್ನೇ ಗದರಿದರು: "ಏನಮ್ಮಾ, ಏನು ಹಾಕ್ತಿದ್ದೀರಿ ಊಟಕ್ಕೆ?"

ಗುಟ್ಟು ಬಯಲಾದದ್ದು ಆ ಸೋಮವಾರ ಬೆಳಿಗ್ಗೆ, ಬಾವಿಯ ಹತ್ತಿರ. "ಪುರಾಣಕ್ಕ ನಿನ್ನ ಗಂಡ ಒಂದಿನಾನೂ ತಪ್ಪಂಗಿಲ್ಲ ಬಿಡವಾ. ಹುಗ್ಗಿ ಮೂರು ಸಲ ನೀಡಿಸ್ಕೋತಾನ" ಎಂದು ನೆರೆಮನೆಯವಳು ಮೆಚ್ಚಿ ಹೇಳಿದಳು! ಬಾಳವ್ವ ಮನೆಗೆ ಬಂದು ಕೇಳಿದರೆ ರಾಚಪ್ಪನಿಗೆ ನಾಚಿಕೆಯೂ ಇಲ್ಲ.

"ಅದು ಊಟ ಎಲ್ಲೈತಿ? ಪ್ರಸಾದ! ಪ್ರಸಾದ ಬ್ಯಾಡ ಅನ್ನಬಾರದು. ಪಥ್ಯ ಇರೋದು ಊಟಕ್ಕ."

"ಹೊಟ್ಟಿಗೆ ಗೊತ್ತೇನ್ರೀ, ಯಾವುದು ಊಟ, ಯಾವುದು ಪ್ರಸಾದ ಅಂತ?"

"ನಂಬಿಕಿ ಇಲ್ಲದಾಕಿ ಜೊತಿ ಏನ್ ಮಾತು" ಎಂದು ಆತ ಯಂತ್ರ ತುಳಿಯತೊಡಗಿದ.

ನಂಬಿಕೆ ಇಲ್ಲದ್ದು ನಿಜವೇ. ಮಠದ ಮೆಟ್ಟಿಲನ್ನು ಬಾಳವ್ವ ಅದುವರೆಗೆ ಹತ್ತಿರಲಿಲ್ಲ. ಅಂದು ಹತ್ತಿದಳು, ಗಂಡ ಮುಟ್ಟದ ಊಟವನ್ನೇ ಡಬ್ಬಿಗೆ ತುಂಬಿ ಬುತ್ತಿ ಕಟ್ಟಿಕೊಂಡು.

ಅಜ್ಜನವರು ಅಡಿಗೆಮನೆಯ ಕಟ್ಟೆಯ ಮೇಲೆ ಗೋಣಿತಾಟು ಹಾಸಿಕೊಂಡು ಗೋದಿಯಲ್ಲಿ ಕಲ್ಲು ಆರಿಸುತ್ತಿದ್ದರು. ಅವಳ ಮಾತನ್ನೆಲ್ಲ ಕೊನೆಯವರೆಗೂ ಕೇಳಿದರು. ಭಕ್ತರು ಗದರಲು ಎದ್ದರೆ ಕೈಸನ್ನೆಯಿಂದಲೇ ಕೂರಿಸಿದರು. ಬುತ್ತಿ ಬಿಚ್ಚಿ, ರೊಟ್ಟಿ ಮುರಿದು, ಪಲ್ಯ ಹಚ್ಚಿ, ನಿಧಾನವಾಗಿ ಒಂದು ಚೂರೂ ಬಿಡದೆ ಪ್ರಸಾದ ಸ್ವೀಕರಿಸಿದರು. ಮಠದ ಪದ್ಧತಿಯಂತೆ ಆ ಡಬ್ಬಿಗೆ ನೀರು ಹಾಕಿ, ತೊಳೆದು, ಆ ನೀರನ್ನೂ ಕುಡಿದರು. ಹದಿಮೂರು ದಿನದಲ್ಲಿ ಬಾಳವ್ವನ ಅಡಿಗೆಯನ್ನು ಪೂರ್ತಿ ಉಂಡ ಮೊದಲ ಮನುಷ್ಯರು ಅವರೇ.

"ನೀಡಿದ ಕೈ ನಮ್ಮದು ತಾಯಿ, ತಪ್ಪೂ ನಮ್ಮದು" ಎಂದರು. ಆಮೇಲೆ ಒಲೆಯ ಕಡೆ ತಿರುಗಿ, "ಹುಗ್ಗಿ ಕೊಪ್ಪರಿಗಿ ಇಳಸ್ರಿ. ಇವತ್ತಿನಿಂದ ಪ್ರಸಾದ ಈ ತಾಯಿ ಹೇಳಿದ್ದು."

ಸಂಜೆ ರಾಚಪ್ಪ ಪಂಕ್ತಿಯಲ್ಲಿ ತಟ್ಟೆ ಹಿಡಿದು ಕೂತ. ಬಿದ್ದದ್ದು ರೊಟ್ಟಿ, ಮೆಂತ್ಯದ ಪಲ್ಯ, ಮೊಳಕೆಕಾಳು. "ಇದೇನ್ರಪಾ, ನಮ್ಮ ಮನಿ ಪೀಡಾ ಇಲ್ಲಿಗೂ ಬಂತು!" ಎಂದು ತಲೆ ಎತ್ತಿದರೆ, ಬಡಿಸುವ ಹುಟ್ಟು ಹಿಡಿದು ನಿಂತವಳು ಹೆಂಡತಿ, ಪಕ್ಕದಲ್ಲೇ ಅದೇ ಪಲ್ಯ ಉಣ್ಣುತ್ತಿರುವವರು ಸಾಕ್ಷಾತ್ ಅಜ್ಜನವರು.

"ಪ್ರಸಾದ ಬ್ಯಾಡ ಅನ್ನಬಾರದಲ್ಲೇನ್ರೀ?" ಎಂದಳು ಬಾಳವ್ವ.

ಏನು ಮಾಡುತ್ತಾನೆ? ಉಂಡ. ತಟ್ಟೆ ತೊಳೆದು ಕುಡಿದ. ಊರಿನ ಗೌಡರಿಂದ ಹಿಡಿದು ಪುರಾಣ ಹೇಳುವ ಶಾಸ್ತ್ರಿಗಳವರೆಗೆ ಎಲ್ಲರೂ ಗೊಣಗಿದರು. ಹುಗ್ಗಿಯಿಲ್ಲದ ಶ್ರಾವಣ ಯಾರಿಗೆ ಬೇಕು ಹೇಳಿ! ಆದರೆ ಹುಗ್ಗಿಯೆಂದರೆ ಅಜ್ಜನವರಿಗೂ ಬಲು ಪ್ರೀತಿ, ಅವರೇ ಬಿಟ್ಟಿರುವಾಗ ಗಟ್ಟಿಯಾಗಿ ಕೇಳುವವರಾರು?

ತಿಂಗಳು ತುಂಬಿದಾಗ ಡಾಕ್ಟರು ಪಟ್ಟಿ ಬಿಚ್ಚಿ ನೋಡಿದರು. ಹುಣ್ಣಿನ ಅಂಚು ಒಣಗಿ ಹೊಸ ಚರ್ಮ ಬರುತ್ತಿತ್ತು. "ಬೆರಳು ಉಳಿಯಿತು. ಇದೇ ಊಟ ಮುಂದುವರಿಸಿ" ಎಂದರು. ಬಾಳವ್ವ ಸೀದಾ ಮಠಕ್ಕೆ ಹೋಗಿ ಅಜ್ಜನವರ ಪಾದಕ್ಕೆರಗಿ, ಮೆಂತ್ಯದ ಸೊಪ್ಪು ಸೋಸುತ್ತ ಕೂತಳು. ಬದುಕಿರುವ ತನಕ ಶ್ರಾವಣದಲ್ಲಿ ಆ ಒಲೆಯ ಮುಂದೆ ಅವಳೇ.

ರಾಚಪ್ಪನೋ, ಮನೆಯಲ್ಲೂ ಉಂಡ ತಟ್ಟೆಗೆ ನೀರು ಹಾಕಿ ತೊಳೆದು ಕುಡಿಯಲು ಶುರುಮಾಡಿದ. "ಇದು ಮಠ ಅಲ್ರೀ, ಮನಿ" ಎಂದು ಬಾಳವ್ವ ನಕ್ಕರೆ, "ಅಡಿಗಿ ಅದೇ ಕೈದಲ್ಲೇನ" ಅನ್ನುವನು.

ಪೂಜ್ಯರು ಹುಗ್ಗಿಯ ಕೊಪ್ಪರಿಗೆ ಇಳಿಸಿದ ಆ ದಿನ, ಸಾವಿರದ ಒಂಬೈನೂರ ಎಂಬತ್ತಮೂರನೆಯ ಇಸವಿ, ಆಗಸ್ಟ್ ಇಪ್ಪತ್ತೆರಡು, ಶ್ರಾವಣದ ಎರಡನೆಯ ಸೋಮವಾರ.